ಎಲ್ಲಾ ಹತ್ರದಲ್ಲೇ ಇದೆ ಸಾರ್

ಮನೆ ತೋರಿಸುವಾಗ ಬ್ರೋಕರ್‌ಗಳು ಹೇಳೋ ಮಾತು ಇದು, ಯಾವ ಏರಿಯಾಗೆ ಹೋದ್ರೂ ಇದೇ. ಕಳೆದ ಸಲ ಮನೆ ಬದಲಾಯಿಸಿದಾಗ ನಾನೂ ನಂಬಿದ್ದೆ. ಪೂರ್ತಿ ಸುಳ್ಳು ಅಂತಾನೂ ಹೇಳಕ್ಕಾಗಲ್ಲ ಬಿಡಿ, ಮಾಲ್ ಹತ್ರ ಇತ್ತು, ದೊಡ್ಡ ಆಸ್ಪತ್ರೆ ಹತ್ರ ಇತ್ತು, ಹೈವೇ ಅಂತೂ ಕಿವಿಗೇ ಬಡಿಯೋಷ್ಟು ಹತ್ರ. ಸಾಮಾನೆಲ್ಲ ಇಳಿಸಿ ತಿಂಗಳು ಕಳೆದ ಮೇಲೆ ಒಂದೊಂದೇ ಗೊತ್ತಾಗ್ತಾ ಹೋಯ್ತು, ಡೂಪ್ಲಿಕೇಟ್ ಕೀ ಮಾಡೋನು ಇಲ್ಲ, ಜೆರಾಕ್ಸ್ ಅಂಗಡಿ ಇಲ್ಲ, ಪ್ಯಾಂಟಿನ ಜಿಪ್ ಕಿತ್ತೋದ್ರೆ ಹಾಕ್ಕೊಡೋ ಟೈಲರ್ ಇಲ್ಲ. ಅಂದ್ರೆ ಎದೆಗೆ ಸ್ಟೆಂಟ್ ಹಾಕಿಸ್ಕೊಳ್ಳೋಕೆ ಐದು ನಿಮಿಷ ಸಾಕು, ಚಪ್ಪಲಿ ಹೊಲಿಸೋಕೆ ಮಾತ್ರ ಅರ್ಧ ದಿನ ರಜ ಹಾಕ್ಬೇಕು.

ಆವತ್ತಿಂದ ತಲೇಲಿ ಒಂದು ಹುಳ ಹೊಕ್ಕಿದೆ. ದೊಡ್ಡ ನಗರದಲ್ಲಿ ಯಾವುದು ಒಂದೇ ಕಡೆ ಗುಡ್ಡೆ ಬಿದ್ದಿರ್ಬೇಕು, ಯಾವುದು ಬೀದಿ ಬೀದಿಗೂ ಹರಡಿರ್ಬೇಕು? ಮೊದಮೊದಲು ನಂದು ಬಹಳ ಸರಳವಾದ ಉತ್ತರ: ಎಲ್ಲಾನೂ ಹರಡ್ಬೇಕು, ಎಲ್ಲಾನೂ ಮನೆ ಹತ್ರ ಬರ್ಬೇಕು, ಮುಗೀತು. ಓದ್ತಾ ಓದ್ತಾ, ಅದಕ್ಕಿಂತ ಹೆಚ್ಚಾಗಿ ಅಮ್ಮ ನಮ್ಮ ಜೊತೆ ಇರೋಕೆ ಬಂದ ಮೇಲೆ, ಆ ಉತ್ತರ ಅರ್ಧಕ್ಕರ್ಧ ಬಿದ್ದೋಯ್ತು.

ಈ ಪ್ರಶ್ನೆನ ಗಟ್ಟಿಯಾಗಿ ಹಿಡ್ಕೊಂಡವನು ವಾಲ್ಟರ್ ಕ್ರಿಸ್ಟಾಲರ್ ಅನ್ನೋ ಜರ್ಮನ್ ಭೂಗೋಳ ತಜ್ಞ. 1933ರಲ್ಲಿ ದಕ್ಷಿಣ ಜರ್ಮನಿಯ ಊರುಗಳ ನಕ್ಷೆ ಮುಂದಿಟ್ಕೊಂಡು, ದೊಡ್ಡ ಊರು ಯಾಕೆ ಇಷ್ಟು ದೂರಕ್ಕೊಂದು, ಸಣ್ಣ ಊರು ಯಾಕೆ ಅಷ್ಟು ಹತ್ರಕ್ಕೊಂದು ಅಂತ ಕೇಳಿದ. ಅವನ ಉತ್ತರದಲ್ಲಿ ಎರಡೇ ಅಳತೆ. ಒಂದು, ಒಂದು ವಸ್ತುಗೋಸ್ಕರ ಜನ ಎಷ್ಟು ದೂರ ಹೋಗೋಕೆ ತಯಾರಿರ್ತಾರೆ ಅನ್ನೋದು. ಇನ್ನೊಂದು, ಆ ಅಂಗಡಿ ಬಾಗಿಲು ಮುಚ್ಚದೆ ನಡೀಬೇಕಂದ್ರೆ ಕನಿಷ್ಠ ಎಷ್ಟು ಗಿರಾಕಿ ಬೇಕು ಅನ್ನೋದು. ಹಾಲಿಗೆ ಯಾರೂ ಹತ್ತು ಕಿಲೋಮೀಟರ್ ಹೋಗಲ್ಲ, ಇನ್ನೂರು ಮನೆ ಇದ್ರೆ ಹಾಲಿನ ಅಂಗಡಿ ನಡ್ಯತ್ತೆ, ಅದಕ್ಕೆ ಅದು ಎಲ್ಲಾ ಕಡೆ ಇರತ್ತೆ. ಕಿವಿಗೆ ಹಾಕೋ ಮೆಷಿನ್ ಮಾರೋನಿಗೆ ಇನ್ನೂರು ಮನೆ ಸಾಲಲ್ಲ, ಲಕ್ಷ ಜನ ಬೇಕು, ಕೊಳ್ಳೋರೂ ಜೀವಮಾನದಲ್ಲಿ ಒಂದೆರಡು ಸಲ ಬರೋರು, ಹಾಗಾಗಿ ದೂರ ಆದ್ರೂ ಬರ್ತಾರೆ. ಇಷ್ಟನ್ನೇ ಹಿಡ್ಕೊಂಡು ನಕ್ಷೆ ತುಂಬ ಜೇನುಗೂಡಿನ ಥರ ಷಟ್ಕೋನ ಬರೆದುಬಿಟ್ಟ. (ಇದೇ ಮನುಷ್ಯ ಆಮೇಲೆ ನಾಜಿಗಳು ಆಕ್ರಮಿಸಿಕೊಂಡ ಪೋಲೆಂಡನ್ನ ಹೊಸದಾಗಿ ಜೋಡಿಸೋ ಯೋಜನೆಗೂ ಕೆಲಸ ಮಾಡಿದ. ಇರೋ ಜನರನ್ನ ಒರೆಸಿ ಖಾಲಿ ಹಾಳೆ ಮೇಲೆ ಷಟ್ಕೋನ ಬರೆಯೋ ಕೆಲಸ ಅದು. ನಕ್ಷೆ ಮೇಲೆ ಚುಕ್ಕಿ ಇಡೋರನ್ನ ಕಂಡ್ರೆ ನಂಗೆ ಸ್ವಲ್ಪ ಹೆದರಿಕೆ ಬರೋದು ಅದಕ್ಕೇ.)

ಆದ್ರೆ ಆ ಎರಡು ಅಳತೆ ಮಾತ್ರ ಇವತ್ತಿಗೂ ಕೆಲಸಕ್ಕೆ ಬರತ್ತೆ. ನಮ್ಮ ಲೇಔಟಲ್ಲಿ ಕೀ ಮಾಡೋನು ಯಾಕಿಲ್ಲ ಅಂದ್ರೆ ಜನ ಇಲ್ಲ ಅಂತಲ್ಲ, ಜನ ಧಾರಾಳವಾಗಿದ್ದಾರೆ, ಅವನಿಗೆ ಬೇಕಾಗಿರೋ ಮೂರಡಿ ಜಾಗ ಮಾತ್ರ ಇಲ್ಲ. ಇರೋ ಮಳಿಗೆಗಳೆಲ್ಲ ಶೋರೂಮ್ ಸೈಜು, ಬಾಡಿಗೆನೂ ಶೋರೂಮ್ ಬಾಡಿಗೆನೇ. ಗಿರಾಕಿ ಎಷ್ಟಿದ್ರೂ ಜಾಗನೇ ದುಬಾರಿ ಆದ್ರೆ ಸಣ್ಣ ಕಸುಬು ನಿಲ್ಲಲ್ಲ, ಇದನ್ನ ಯಾವ ಷಟ್ಕೋನನೂ ತೋರಿಸಲ್ಲ.

ಗುಡ್ಡೆ ಬೀಳೋದಕ್ಕೂ ಅದರದೇ ನ್ಯಾಯ ಇದೆ. ಒಂದೇ ಥರದ ಅಂಗಡಿಗಳು ಒಂದೇ ಬೀದೀಲಿ ಯಾಕೆ ಸಾಲಾಗಿ ಕೂತಿರ್ತವೆ ಅಂತ ಚಿಕ್ಕೋನಿದ್ದಾಗ ಆಶ್ಚರ್ಯ ಆಗ್ತಿತ್ತು, ಒಬ್ಬರ ಹೊಟ್ಟೆ ಮೇಲೆ ಒಬ್ಬರು ಹೊಡ್ಕೊಳಲ್ವಾ ಅಂತ. 1929ರಲ್ಲಿ ಹ್ಯಾರಲ್ಡ್ ಹೊಟೆಲಿಂಗ್ ಅನ್ನೋ ಅರ್ಥಶಾಸ್ತ್ರಜ್ಞ ಇದರ ಒಂದು ಲೆಕ್ಕ ಕೊಟ್ಟ. ಉದ್ದನೆ ರಸ್ತೇಲಿ ಇಬ್ಬರು ವ್ಯಾಪಾರಿಗಳಿದ್ರೆ ಗಿರಾಕಿಗೆ ಅನುಕೂಲ ಆಗೋ ಹಾಗೆ ಆ ಕಡೆಗೊಬ್ಬ ಈ ಕಡೆಗೊಬ್ಬ ಕೂರಲ್ಲ, ಇನ್ನೊಬ್ಬನ ಗಿರಾಕಿನ ಎಳ್ಕೊಳ್ಳೋ ಆಸೇಲಿ ಸರಿದು ಸರಿದು ಕೊನೆಗೆ ಇಬ್ಬರೂ ನಡು ಮಧ್ಯ ಪಕ್ಕಪಕ್ಕದಲ್ಲೇ ಕೂರ್ತಾರೆ. ಅದು ವ್ಯಾಪಾರಿ ಕಡೆಯ ಲೆಕ್ಕ. ಕೊಳ್ಳೋರ ಕಡೆಯಿಂದ ನೋಡಿದ್ರೆ ಇನ್ನೊಂದಿದೆ, ಹೋಲಿಸಿ ನೋಡಿ ತಗೋಬೇಕಾದ ವಸ್ತು ಒಂದೇ ಬೀದೀಲಿ ಸಿಕ್ರೆ ಕಾಲು ಉಳಿಯತ್ತೆ. ಟೋಕಿಯೋದ ಜಿಂಬೋಚೋದಲ್ಲಿ ನೂರಕ್ಕೂ ಹೆಚ್ಚು ಪುಸ್ತಕದಂಗಡಿ ಇದಾವೆ, ಬಹುಪಾಲು ಹಳೇ ಪುಸ್ತಕದವು. ಅಲ್ಲಿನ ಮುಖ್ಯ ರಸ್ತೆಯ ಅಂಗಡಿಗಳು ಬಹುಪಾಲು ದಕ್ಷಿಣದ ಬದೀಲಿ, ಉತ್ತರಕ್ಕೆ ಮುಖ ಮಾಡಿ ಕೂತಿವೆ, ಬಿಸಿಲು ಬಿದ್ದು ಪುಸ್ತಕ ಹಳದಿ ಆಗಬಾರ್ದು ಅಂತ. ಆ ನೂರು ಅಂಗಡಿನ ನ್ಯಾಯವಾಗಿ ಹಂಚಿ ಒಂದೊಂದು ಬಡಾವಣೆಗೆ ಒಂದೊಂದು ಕೊಟ್ಟುಬಿಟ್ರೆ ಏನಾಗತ್ತೆ? ಬಡಾವಣೆಗೊಂದು ಸುಮಾರಾದ ಅಂಗಡಿ ಸಿಗತ್ತೆ, ಜಿಂಬೋಚೋ ಇರಲ್ಲ.

ಹಂಚಿಕೊಟ್ರೂ ಜನ ಮತ್ತೆ ಗುಡ್ಡೆ ಹಾಕ್ತಾರೆ ಅನ್ನೋದಕ್ಕೆ ಬ್ರಸಿಲಿಯಾ ನೋಡ್ಬೇಕು. 1960ರಲ್ಲಿ ಉದ್ಘಾಟನೆಯಾದ ಬ್ರೆಜಿಲ್ ರಾಜಧಾನಿ, ಲೂಸಿಯೋ ಕೋಸ್ಟಾ ಹಾಳೆ ಮೇಲೆ ಬರೆದಿದ್ದು. ಆಸ್ಪತ್ರೆಗಳಿಗೊಂದು ಸೆಕ್ಟರ್, ಹೋಟೆಲ್‌ಗಳಿಗೊಂದು ಸೆಕ್ಟರ್, ಬ್ಯಾಂಕ್‌ಗಳಿಗೊಂದು ಸೆಕ್ಟರ್. ಮನೆಗಳ ಬ್ಲಾಕ್‌ಗಳ ನಡುವೆ ಮಾತ್ರ ಸಣ್ಣ ಸಣ್ಣ ಅಂಗಡಿ ಸಾಲು, ದಿನಬಳಕೆ ಸಾಮಾನು ನಡ್ಕೊಂಡೇ ಹೋಗಿ ತರೋ ಹಾಗೆ. ಯೋಚನೆ ನಿಜಕ್ಕೂ ಚೆನ್ನಾಗಿದೆ. ಅಂಗಡಿಗಳ ಮುಖ ಮನೆಗಳ ಕಡೆಗೆ, ಬೆನ್ನು ರಸ್ತೆ ಕಡೆಗೆ ಅಂತ ನಕ್ಷೇಲಿತ್ತು. ಅಂಗಡಿಯೋರು ಬಂದೋರೇ ಬೆನ್ನನ್ನ ಮುಖ ಮಾಡ್ಕೊಂಡು ರಸ್ತೆ ಕಡೆ ಬಾಗಿಲು ತೆಗೆದ್ರು, ಗಿರಾಕಿ ಓಡಾಡೋದು ಅಲ್ಲಲ್ವಾ. ಆಮೇಲೆ ಸಮನಾಗಿ ಹಂಚಿದ್ದ ಸಾಲುಗಳಲ್ಲೇ ಒಂದು ಔಷಧಿ ಅಂಗಡಿಗಳ ಬೀದಿ ಅಂತಾನೇ ಹೆಸರಾಯ್ತು, ಇನ್ನೊಂದು ಎಲೆಕ್ಟ್ರಿಕ್ ಸಾಮಾನಿನ ಬೀದಿ ಅಂತ. ಹಾಗೆ ಮಾಡಿ ಅಂತ ಯಾವ ನಕ್ಷೇಲೂ ಬರೆದಿರ್ಲಿಲ್ಲ.

ಇನ್ನು ಅಮೆರಿಕ. ಅಲ್ಲಿ ಸೌಲಭ್ಯ ಮನೆಯಿಂದ ದೂರ ಹೋಗಿದ್ದು ಬರೀ ಮಾರ್ಕೆಟ್‌ನಿಂದಲ್ಲ, ಕಾನೂನಿಂದ. 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ಝೋನಿಂಗ್, ಅಂದ್ರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ, ತಂತು. 1926ರಲ್ಲಿ ಒಹಾಯೋದ ಯೂಕ್ಲಿಡ್ ಅನ್ನೋ ಸಣ್ಣ ಊರಿನ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮನೆ ಇರೋ ಕಡೆ ಮನೆ ಮಾತ್ರ, ಅಂಗಡಿ ಇರೋ ಕಡೆ ಅಂಗಡಿ ಅಂತ ಬೇರೆ ಬೇರೆ ಇಡೋದು ಸರಿ ಅಂತ ಒಪ್ಕೊಂಡ್ತು, ಬಿಡಿ ಮನೆಗಳ ಬೀದಿಗೆ ಬರೋ ಅಪಾರ್ಟ್‌ಮೆಂಟನ್ನ ಆ ತೀರ್ಪು ಪರಾವಲಂಬಿ ಜೀವಿಗೆ ಹೋಲಿಸಿದೆ. ಕಾರ್ಖಾನೆ ಹೊಗೆ ಮಲಗೋ ಕೋಣೆಗೆ ಬರಬಾರ್ದು ಅನ್ನೋದು ಯಾರಾದ್ರೂ ಒಪ್ಪೋ ಮಾತೇ, ಆದ್ರೆ ಅದೇ ಹಗ್ಗದಲ್ಲಿ ಮೂಲೆ ಅಂಗಡಿನೂ ಕಟ್ಟಾಕಿದ್ರು. ಆಮೇಲೆ ವಿಕ್ಟರ್ ಗ್ರುಯೆನ್ ಬಂದ. ವಿಯೆನ್ನಾದಲ್ಲಿ ಹುಟ್ಟಿದ ಆರ್ಕಿಟೆಕ್ಟ್, ಕಾಫಿ ಕುಡ್ಕೊಂಡು ಹರಟೆ ಹೊಡೀತಾ ನಡೆದಾಡೋ ಬೀದಿಗಳ ಊರಿನೋನು. ಮಿನಿಯಾಪೊಲಿಸ್ ಪಕ್ಕದಲ್ಲಿ 1956ರಲ್ಲಿ ಸೌತ್‌ಡೇಲ್ ಅಂತ ಪೂರ್ತಿ ಮುಚ್ಚಿದ, ಎಸಿ ಇರೋ ಮೊದಲ ಮಾಲ್ ಕಟ್ಟಿದ. ಅವನ ಕನಸಿನ ನಕ್ಷೇಲಿ ಮಾಲ್ ಸುತ್ತ ಮನೆಗಳು, ಸ್ಕೂಲು, ಆಸ್ಪತ್ರೆ, ಪಾರ್ಕು, ಕೆರೆ ಎಲ್ಲಾ ಇತ್ತು. ಕಟ್ಟಿದ್ದು ಮಾಲು ಮತ್ತೆ ಪಾರ್ಕಿಂಗು. ಅದನ್ನ ನೋಡ್ಕೊಂಡು ದೇಶ ತುಂಬ ಮಾಲ್ ಎದ್ವು, ಗ್ರುಯೆನ್ ಕೊನೆಗೆ ವಿಯೆನ್ನಾಗೆ ವಾಪಸ್ ಹೋದ, ಆಮೇಲೆ ಬೇಜಾರಾಗಿ ಇವು ನನ್ನ ಮಕ್ಕಳೇ ಅಲ್ಲ ಅನ್ನೋ ಥರ ಮಾತಾಡಿದ.

ಇಲ್ಲಿ ನಂಗೊಂದು ವಿಷಯ ಹೊಳೀತು. ಹರಡಿರೋದು ಬೇರೆ, ಹತ್ರ ಇರೋದು ಬೇರೆ. ಲಾಸ್ ಏಂಜಲೀಸ್‌ಗೆ ಒಂದೇ ಕೇಂದ್ರ ಅಂತ ಇಲ್ಲ, ಹತ್ತಾರು ಕಡೆ ಆಫೀಸು, ಅಂಗಡಿ, ಆಸ್ಪತ್ರೆಗಳ ಗುಂಪುಗಳಿವೆ, ನಕ್ಷೆ ನೋಡಿದ್ರೆ ಎಷ್ಟು ಚೆನ್ನಾಗಿ ಹಂಚಿದ್ದಾರಲ್ಲಾ ಅನ್ಸತ್ತೆ. ಆದ್ರೆ ಕಾರಿಲ್ಲದೋರಿಗೆ ಆ ಹತ್ತಾರರಲ್ಲಿ ಒಂದೂ ಹತ್ರ ಅಲ್ಲ. ಒಂದೇ ಕೇಂದ್ರ ಇದ್ರೆ ಕೊನೇಪಕ್ಷ ಎಲ್ಲಾ ಬಸ್ಸೂ ಅಲ್ಲಿಗೆ ಹೋಗತ್ತೆ, ಒಂದು ಸೀಟು ಹಿಡಿದು ಕೂತ್ರೆ ಆಯ್ತು. ಹತ್ತು ಕೇಂದ್ರಕ್ಕೆ ಬಸ್ ಓಡಿಸೋದು ಕಷ್ಟ, ಓಡಿಸಿದ್ರೂ ಗಂಟೆಗೊಂದು.

ಬಸ್ಸು ರೈಲು ಎಲ್ಲಾ ಮಧ್ಯಕ್ಕೇ ಓಡೋದ್ರಲ್ಲೂ ತಾಪತ್ರಯ ಇದೆ, ಪ್ಯಾರಿಸ್ ಅದಕ್ಕೆ ಉದಾಹರಣೆ. ಹದಿನೈದು ನಿಮಿಷದ ನಗರ ಅಂತ ಅಲ್ಲಿನ ಪ್ರೊಫೆಸರ್ ಕಾರ್ಲೋಸ್ ಮೊರೆನೋ 2016ರಲ್ಲಿ ಮುಂದಿಟ್ಟ ಮಾತನ್ನ ಆಗ ಮೇಯರ್ ಆಗಿದ್ದ ಆನ್ ಇದಾಲ್ಗೋ 2020ರ ಚುನಾವಣೇಲಿ ಎತ್ಕೊಂಡ್ರು, ಮನೆಯಿಂದ ಹದಿನೈದು ನಿಮಿಷ ನಡ್ಕೊಂಡೋ ಸೈಕಲ್ಲಲ್ಲೋ ಹೋದ್ರೆ ದಿನನಿತ್ಯದ್ದೆಲ್ಲ ಸಿಗ್ಬೇಕು ಅನ್ನೋದು. ಅದರಲ್ಲಿ ನಂಗೆ ಇಷ್ಟ ಆಗಿದ್ದು ಹೊಸದಾಗಿ ಏನೂ ಕಟ್ಟದೆ ಶಾಲೆ ಅಂಗಳಗಳನ್ನ ಶನಿವಾರ ಸುತ್ತಲಿನೋರಿಗೆ ತೆರೆದಿದ್ದು. ಒಂದೇ ಜಾಗ, ಐದು ದಿನ ಶಾಲೆ, ಆರನೇ ದಿನ ಪಾರ್ಕು. ಆದ್ರೆ ಈ ಪ್ಯಾರಿಸ್ ಅಂದ್ರೆ ರಿಂಗ್ ರೋಡ್ ಒಳಗಿನ ಎರಡು ಮಿಲಿಯನ್ ಜನ, ಮೊದಲೇ ಅಂಗಡಿ ಮೆಟ್ರೋ ಕಿಕ್ಕಿರಿದಿರೋ ಜಾಗ, ಅಲ್ಲಿ ಹದಿನೈದು ನಿಮಿಷ ದೊಡ್ಡ ಮಾತೇನಲ್ಲ. ಇಡೀ ಪ್ರಾಂತ್ಯದಲ್ಲಿ ಇರೋರು ಸುಮಾರು ಹನ್ನೆರಡು ಮಿಲಿಯನ್. ಹೊರಗಿನ ಒಂದು ಊರಿಂದ ಪಕ್ಕದ ಊರಿಗೆ ರೈಲಲ್ಲಿ ಹೋಗ್ಬೇಕಂದ್ರೆ ಎಷ್ಟೋ ಕಡೆ ಪ್ಯಾರಿಸ್ ನಡುಮಧ್ಯಕ್ಕೆ ಹೋಗಿ ರೈಲು ಬದಲಾಯಿಸಿ ವಾಪಸ್ ಬರ್ಬೇಕು, ಎಡಗೈಲಿ ಬಲಗಿವಿ ಹಿಡಿಯೋಕೆ ತಲೆ ಹಿಂದಿಂದ ಕೈ ತಂದ ಹಾಗೆ. ಅದಕ್ಕೇ ಈಗ ಸುಮಾರು 200 ಕಿಲೋಮೀಟರ್, 68 ಸ್ಟೇಷನ್ ಇರೋ ಹೊಸ ಮೆಟ್ರೋ ಕಟ್ತಿದ್ದಾರೆ, ಬಹುಪಾಲು ಪ್ಯಾರಿಸ್‌ನ ಸುತ್ತು ಹಾಕೋ ದಾರಿ. ನನ್ನ ಕೇಳಿದ್ರೆ ಹದಿನೈದು ನಿಮಿಷದ ಘೋಷಣೆಗಿಂತ ಈ ಸುತ್ತು ದಾರಿ ದೊಡ್ಡ ಕೆಲಸ, ಪೋಸ್ಟರ್ ಮೇಲೆ ಚೆನ್ನಾಗಿ ಕಾಣಲ್ಲ ಅಷ್ಟೇ.

ರೈಲಿನ ವಿಷಯದಲ್ಲಿ ನಂಗೆ ಎಲ್ಲರಿಗಿಂತ ಮಜಾ ಅನ್ಸೋದು ಒಸಾಕಾದ ಇಚಿಝೋ ಕೊಬಾಯಾಶಿ. 1910ರಲ್ಲಿ ಅವನ ಕಂಪನಿ ರೈಲು ಶುರು ಮಾಡಿದಾಗ ಆ ದಾರೀಲಿ ಹೇಳ್ಕೊಳ್ಳೋ ಅಂಥ ಊರೇ ಇರ್ಲಿಲ್ಲ. ಸರಿ, ಹಳಿ ಪಕ್ಕದಲ್ಲಿ ಮನೆ ಕಟ್ಟಿ ತಿಂಗಳ ಕಂತಲ್ಲಿ ಮಾರಿದ. ಬೆಳಿಗ್ಗೆ ಎಲ್ಲಾ ಪಟ್ಟಣಕ್ಕೆ ಹೋಗೋರೇ, ಪಟ್ಟಣದಿಂದ ಹೊರಗೆ ಹೋಗೋ ರೈಲು ಖಾಲಿ, ಅದಕ್ಕೆ ಹಳಿಯ ಇನ್ನೊಂದು ತುದಿ ತಕರಾಝುಕಾದಲ್ಲಿ ಬಿಸಿನೀರಿನ ಸ್ನಾನದ ಮನೆ ಮಾಡಿದ, 1914ರಿಂದ ಹೆಣ್ಮಕ್ಕಳದೇ ನಾಟಕದ ತಂಡ ಆಡಿಸಿದ. 1929ರಲ್ಲಿ ಪಟ್ಟಣದ ತುದಿ ಉಮೆದಾ ಸ್ಟೇಷನ್ನಲ್ಲೇ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ತೆಗೆದ. ಹೋಗೋವಾಗ್ಲೂ ಟಿಕೆಟ್, ಬರೋವಾಗ್ಲೂ ಟಿಕೆಟ್, ಮಧ್ಯದಲ್ಲಿ ಮನೆ ಕಂತು. ಪಕ್ಕಾ ವ್ಯಾಪಾರಿ ಬುದ್ಧಿ, ಆದ್ರೆ ಅದರಿಂದ ಆಗಿದ್ದೇನಂದ್ರೆ ಸೌಲಭ್ಯ ಇರೋ ಕಡೆ ರೈಲು, ರೈಲು ಇರೋ ಕಡೆ ಸೌಲಭ್ಯ, ಎರಡೂ ಒಂದೇ ಹಳಿಗೆ ಕಟ್ಟಿಬಿತ್ತು. ಟೋಕಿಯೋದಲ್ಲೂ ಖಾಸಗಿ ರೈಲುಗಳು ಬಂದು ಯಾಮಾನೋತೆ ಅನ್ನೋ 34.5 ಕಿಲೋಮೀಟರ್ ಸುತ್ತಿನ ರೈಲಿಗೆ ಕೂಡೋ ಕಡೆಯೆಲ್ಲ ಒಂದೊಂದು ಪಟ್ಟಣನೇ ಎದ್ದಿದೆ. ಶಿಂಜುಕು, ಶಿಬುಯಾ, ಇಕೆಬುಕುರೋ ಮೂರನ್ನೂ 1958ರಲ್ಲೇ ಉಪಕೇಂದ್ರ ಅಂತ ಗುರುತಿಸಿದ್ರು, 1991ರಲ್ಲಿ ಟೋಕಿಯೋ ಸರ್ಕಾರನೇ ತನ್ನ ಕಚೇರಿನ ಹಳೇ ನಡುಭಾಗದಿಂದ ಎತ್ಕೊಂಡು ಶಿಂಜುಕುಗೆ ಹೋಯ್ತು. ಸರ್ಕಾರ ಕುರ್ಚಿ ಸಮೇತ ಜಾಗ ಬದಲಾಯಿಸಿದಾಗ ಉಪಕೇಂದ್ರ ಅನ್ನೋ ಮಾತಿಗೆ ತೂಕ ಬರತ್ತೆ, ಬರೀ ನಕ್ಷೇಲಿ ವೃತ್ತ ಹಾಕಿದ್ರೆ ಬರಲ್ಲ. ಸಿಂಗಾಪುರನೂ 1991ರ ಯೋಜನೇಲಿ ಹೀಗೇ ಟ್ಯಾಂಪಿನಿಸ್ ಥರದ ಪ್ರಾದೇಶಿಕ ಕೇಂದ್ರಗಳನ್ನ ಇಟ್ಕೊಂಡ್ತು, 2017ರಲ್ಲಿ ಅಲ್ಲಿ ಲೈಬ್ರರಿ, ಈಜುಕೊಳ, ಸ್ಟೇಡಿಯಂ, ಸರ್ಕಾರಿ ಕೌಂಟರ್ ಎಲ್ಲಾ ಒಂದೇ ಸೂರಿನಡಿ ತಂದ್ರು. ಇಡೀ ನಗರದ ಲೆಕ್ಕಕ್ಕೆ ಅದು ಹಂಚಿದ್ದು, ಆ ಬಡಾವಣೆ ಲೆಕ್ಕಕ್ಕೆ ಗುಡ್ಡೆ ಹಾಕಿದ್ದು.

ಆನ್‌ಲೈನ್ ಬಂದ ಮೇಲೆ ಇದೆಲ್ಲ ಯಾಕೆ ಅನ್ನೋರಿದ್ದಾರೆ. ನಿಜ, ಸಾಮಾನು ಮನೆಗೇ ಬರತ್ತೆ. ಕಟಿಂಗ್ ಶಾಪ್ ಬರಲ್ಲ, ಈಜುಕೊಳ ಬರಲ್ಲ, ಮಗುಗೆ ಆಡೋಕೆ ಇನ್ನೊಂದು ಮಗು ಪಾರ್ಸೆಲ್‌ನಲ್ಲಿ ಬರಲ್ಲ.

ಈಗ ಅಮ್ಮನ ವಿಷಯಕ್ಕೆ ಬರ್ತೀನಿ. ಅವರು ಬಂದ ಮೇಲೆ ನನ್ನ ಓಡಾಟದ ಆಕಾರನೇ ಬದಲಾಯ್ತು. ಮೊದಲು ಮನೆ–ಆಫೀಸು–ಮನೆ, ಒಂದು ಗೆರೆ. ಈಗ ಮಗಳನ್ನ ಶಾಲೆಗೆ ಬಿಟ್ಟು, ಅಮ್ಮನ ರಕ್ತದ ಸ್ಯಾಂಪಲ್ ಲ್ಯಾಬಿಗೆ ಕೊಟ್ಟು, ಆಫೀಸಿಗೆ ಹೋಗಿ, ಬರ್ತಾ ರಿಪೋರ್ಟು ತಗೊಂಡು ಡಾಕ್ಟರ್‌ಗೆ ತೋರಿಸಿ ಮಾತ್ರೆ ತಗೊಂಡು ಬರೋದು, ಗೆರೆ ಹೋಗಿ ಸಿಕ್ಕುಬಿದ್ದ ದಾರ ಆಗಿದೆ. ಸ್ಪೇನಿನ ಇನೇಸ್ ಸಾಂಚೆಸ್ ದೆ ಮಾದಾರಿಯಾಗಾ ಅನ್ನೋ ಯೋಜನಾ ತಜ್ಞೆ ಇದಕ್ಕೆ ಆರೈಕೆಯ ಓಡಾಟ ಅಂತ ಹೆಸರಿಟ್ಟಿದ್ದಾರೆ. ಸರ್ವೆಗಳಲ್ಲಿ ಈ ಓಡಾಟ ಶಾಪಿಂಗ್, ಜೊತೇಲಿ ಹೋಗಿದ್ದು, ಇತರೆ ಅಂತ ಚೂರುಚೂರಾಗಿ ಬಿದ್ದಿರತ್ತೆ, ಒಟ್ಟುಗೂಡಿಸಿದ್ರೆ ಕೆಲಸಕ್ಕೆ ಹೋಗಿಬರೋ ಓಡಾಟದ ಹತ್ರಹತ್ರಕ್ಕೇ ಬರತ್ತೆ, ಮತ್ತೆ ಅದರಲ್ಲಿ ಹೆಚ್ಚು ಪಾಲು ಹೆಂಗಸರದು ಅನ್ನೋದು ಅವರ ಮಾತು. ನಮ್ಮನೇಲೂ ಇಷ್ಟು ವರ್ಷ ಆ ದಾರದ ಸಿಕ್ಕನ್ನ ಹೆಂಡತಿ ಒಬ್ಬಳೇ ಬಿಡಿಸ್ತಿದ್ಲು, ನಂಗದು ಕಂಡೇ ಇರ್ಲಿಲ್ಲ. ಇಂಥ ದಿನಗಳಲ್ಲಿ ಒಂದೊಂದು ಸೌಲಭ್ಯನೂ ಮನೆಗೆ ಎಷ್ಟು ಹತ್ರ ಅನ್ನೋದು ಮುಖ್ಯ ಅಲ್ವೇ ಅಲ್ಲ, ಒಂದಕ್ಕೊಂದು ಎಷ್ಟು ಹತ್ರ ಅನ್ನೋದು ಮುಖ್ಯ. ಲ್ಯಾಬು ಉತ್ತರಕ್ಕೆ ಒಂದು ಕಿಲೋಮೀಟರ್, ಮೆಡಿಕಲ್ ಸ್ಟೋರ್ ದಕ್ಷಿಣಕ್ಕೆ ಒಂದು ಕಿಲೋಮೀಟರ್ ಇದ್ರೆ ಎರಡೂ ಹತ್ರ, ಎರಡೂ ಸೇರಿದ್ರೆ ದೂರ.

ಎಲ್ಲಾ ಹರಡ್ಬೇಕು ಅನ್ನೋ ನನ್ನ ಹಠ ಮುರಿದಿದ್ದೂ ಆಸ್ಪತ್ರೆ ವಿಷಯದಲ್ಲೇ. ಲಂಡನ್‌ನಲ್ಲಿ ಪಾರ್ಶ್ವವಾಯು ಹೊಡೆದೋರನ್ನ ಮೊದಲು ಸುಮಾರು ಮೂವತ್ತು ಆಸ್ಪತ್ರೆಗಳು ನೋಡ್ಕೊಳ್ತಿದ್ವು, ಹತ್ರ ಯಾವುದೋ ಅಲ್ಲಿಗೆ. 2010ರಲ್ಲಿ ಅದನ್ನ ಎಂಟಕ್ಕೆ ಇಳಿಸಿದ್ರು. ಆ ಎಂಟರಲ್ಲಿ ಹಗಲು ರಾತ್ರಿ ಸ್ಪೆಷಲಿಸ್ಟ್ ಇರ್ಬೇಕು, ಸ್ಕ್ಯಾನ್ ಇರ್ಬೇಕು, ನಗರದ ಯಾವ ಮೂಲೆಯಿಂದಾದ್ರೂ ಆಂಬುಲೆನ್ಸ್ ಅರ್ಧ ಗಂಟೇಲಿ ತಲುಪ್ಬೇಕು. ಮನೆ ಪಕ್ಕದ ಆಸ್ಪತ್ರೆ ಬಿಟ್ಟು ದೂರಕ್ಕೆ ಕರ್ಕೊಂಡು ಹೋಗ್ತಾರಾ ಅಂತ ಜನಕ್ಕೆ ಸಿಟ್ಟು ಬರೋದು ಸಹಜನೇ. ಆದ್ರೆ 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಅಧ್ಯಯನದ ಪ್ರಕಾರ ಲಂಡನ್‌ನಲ್ಲಿ ಸಾವು ಇಂಗ್ಲೆಂಡಿನ ಉಳಿದ ಭಾಗಕ್ಕಿಂತ ಹೆಚ್ಚು ಇಳೀತು. ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಮಾಡೋರಿಲ್ಲದ ಪಕ್ಕದ ಆಸ್ಪತ್ರೆ ಪಕ್ಕದಲ್ಲಿದ್ದು ಏನು ಬಂತು? ಇದರಲ್ಲಿ ಜನ ಮರೆಯೋದು ಇನ್ನೊಂದರ್ಧ. ಮೊದಲ ಮೂರು ದಿನ ಆ ಎಂಟರಲ್ಲಿ, ಆಮೇಲೆ ಕೈಕಾಲು ಆಡಿಸೋದು, ಮಾತು ಕಲಿಸೋದು ಎಲ್ಲಾ ಮನೆ ಹತ್ರದ ಇಪ್ಪತ್ನಾಲ್ಕು ಘಟಕಗಳಲ್ಲಿ. ಯಾಕಂದ್ರೆ ಅದು ವಾರಗಟ್ಟಲೆ ನಡೆಯೋ ಕೆಲಸ, ಮನೆಯೋರು ದಿನಾ ಹೋಗಿ ಪಕ್ಕದಲ್ಲಿ ಕೂರ್ಬೇಕು. ಒಂದೇ ಕಾಯಿಲೆ, ಆಂಬುಲೆನ್ಸಲ್ಲಿ ಒಂದು ಸಲ ಹೋಗೋ ಜಾಗ ಬೇರೆ, ಬಸ್ಸಲ್ಲಿ ಮೂವತ್ತು ಸಲ ಹೋಗೋ ಜಾಗ ಬೇರೆ. ನಾನು ನೋಡಿದ್ರಲ್ಲಿ ಇಷ್ಟು ಅಚ್ಚುಕಟ್ಟಾಗಿ ಯೋಚನೆ ಮಾಡಿದ್ದು ಕಮ್ಮಿ. ನಮ್ಮ ಲೇಔಟಲ್ಲಿ ಸ್ಟೆಂಟ್ ಹತ್ರ ಇದೆ, ಫಿಸಿಯೋಥೆರಪಿ ಇಲ್ಲ, ಅಂದ್ರೆ ಪೂರ್ತಿ ಉಲ್ಟಾ.

ಅಮ್ಮನಿಗೆ ಮಂಡಿ ನೋವು. ಪ್ಲಾನಿಂಗ್ ಪುಸ್ತಕಗಳಲ್ಲಿ 400 ಮೀಟರ್ ಅಂದ್ರೆ ಐದು ನಿಮಿಷ, 800 ಅಂದ್ರೆ ಹತ್ತು ನಿಮಿಷ ಅಂತ ಲೆಕ್ಕ ಹಾಕ್ತಾರೆ, ಅದು ಯಾರ ಮಂಡಿ ಅಂತ ಎಲ್ಲೂ ಬರೆದಿರಲ್ಲ. ಇವರಿಗೆ 800 ಮೀಟರ್ ಅಂದ್ರೆ ಅರ್ಧ ಗಂಟೆ, ಅದೂ ಮಧ್ಯ ಎರಡು ಸಲ ಕೂರೋಕೆ ಸಿಕ್ರೆ. ಬಾತ್ರೂಮ್ ಸಿಗತ್ತಾ ಇಲ್ವಾ ಅನ್ನೋದು ಇನ್ನೊಂದು ಲೆಕ್ಕ, ಅದನ್ನ ಬಾಯಿ ಬಿಟ್ಟು ಹೇಳಲ್ಲ, ಹೊರಡೋಕೆ ಮುಂಚೆ ನೀರು ಕುಡಿಯೋದು ಬಿಡ್ತಾರೆ ಅಷ್ಟೇ. ಬೆಂಚು, ಟಾಯ್ಲೆಟ್ಟು ಇವನ್ನ ಯಾವ ಬ್ರೋಕರ್ರೂ ಲೆಕ್ಕಕ್ಕೆ ತಗೊಳಲ್ಲ, ನಗರಗಳೂ ಹೆಚ್ಚುಕಮ್ಮಿ ತಗೊಳಲ್ಲ. ಜರ್ಮನಿಯ ಎಷ್ಟೋ ಊರುಗಳಲ್ಲಿ ನಗರಸಭೆಯೇ ಹೋಟೆಲು ಅಂಗಡಿಗಳಿಗೆ ದುಡ್ಡು ಕೊಟ್ಟು, ಏನೂ ಕೊಳ್ಳದೆ ಬರೋರಿಗೂ ಟಾಯ್ಲೆಟ್ ಬಿಡ್ಬೇಕು ಅಂತ ಮಾಡ್ಕೊಂಡಿದೆ, ಬಾಗಿಲ ಮೇಲೊಂದು ಸ್ಟಿಕ್ಕರ್ ಅಂಟಿಸಿರ್ತಾರೆ. ಕೋಟಿಗಟ್ಟಲೆ ಸುರಿದು ಕಟ್ಟೋ ಮಾತಲ್ಲ ಇದು.

ನಮ್ಮ ಮನೆಯಿಂದ ಮೆಡಿಕಲ್ ಸ್ಟೋರಿಗೆ ಹೋಗೋ ದಾರೀಲಿ ಬೆಂಚಿಲ್ಲ. ಆದ್ರೆ ಅರ್ಧ ದಾರೀಲಿ ಒಂದು ಮುಚ್ಚಿದ ಶಟರ್ ಇದೆ, ಅದರ ಮುಂದೆ ಎರಡು ಮೆಟ್ಟಿಲು. ಮೊನ್ನೆ ಭಾನುವಾರ ಅಮ್ಮನ ಜೊತೆ ನಡ್ಕೊಂಡು ಹೋದಾಗ ಗೊತ್ತಾಯ್ತು, ಅವರು ಕೇಳದೇ ಸೀದಾ ಹೋಗಿ ಅಲ್ಲಿ ಕೂತ್ರು, ಕೂರೋಕೆ ಮುಂಚೆ ಸೆರಗಿನಿಂದ ಧೂಳು ಒರೆಸಿದ್ರು, ದಿನಾ ಮಾಡೋ ಕೆಲಸದ ಹಾಗೆ. ಶಟರ್ ಮೇಲೆ ಬಾಡಿಗೆಗಿದೆ ಅಂತ ಬೋರ್ಡ್ ಹಾಕಿತ್ತು. ಯಾರಾದ್ರೂ ಬಂದ್ರೆ ಒಳ್ಳೇದೇ ಅಲ್ವಾ, ಅಂಗಡಿ ಆಗತ್ತೆ ಅಂದೆ. ಅಮ್ಮ ಮಂಡಿ ನೀವಿಕೊಳ್ತಾ, ಬೇಡಪ್ಪ, ಇನ್ನೊಂದಷ್ಟು ದಿನ ಹಾಗೇ ಇರ್ಲಿ ಅಂದ್ರು.